ಕ್ಯಾಮೆರಾ ಮುಂದೆ ನಗದೆ ಕುಳಿತವರು

ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರ ಸುಮಾರು 160 ಬೇರೆ ಬೇರೆ ಭಾವಚಿತ್ರಗಳು ಪತ್ತೆಯಾಗಿವೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ ಕೂಡ ಅಷ್ಟು ಸಲ ಕ್ಯಾಮೆರಾಕ್ಕೆ ಮುಖ ಕೊಟ್ಟಿರಲಿಲ್ಲ. ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವರಿಗೆ ಇದು ಶೋಕಿಯಾಗಿರಲಿಲ್ಲ. ಕಪ್ಪು ಜನರೆಂದರೆ ಹಲ್ಲುಕಿರಿಯುವ ವ್ಯಂಗ್ಯಚಿತ್ರಗಳೇ ಅಚ್ಚಾಗುತ್ತಿದ್ದ ಕಾಲ ಅದು. ಬಿಳಿಯ ಕಲಾವಿದರ ಕೈಯಲ್ಲಿ ತಮ್ಮವರ ಪಕ್ಷಪಾತವಿಲ್ಲದ ಚಿತ್ರ ಮೂಡುವುದಿಲ್ಲವೆಂದು ಡಗ್ಲಾಸ್ 1849ರಲ್ಲಿ ತಮ್ಮ ಪತ್ರಿಕೆಯಲ್ಲೇ ಬರೆದರು. ಕುಂಚವನ್ನು ನಂಬದವರು ಯಂತ್ರವನ್ನು ನಂಬಿದರು. ಒಪ್ಪವಾದ ಕೋಟು, ಬಿಗಿದ ತುಟಿ, ಗಡಸು ನೋಟ. ‘ಗುಲಾಮ ಸುಖವಾಗಿದ್ದಾನೆ’ ಎಂಬ ಕಟ್ಟುಕತೆಗೆ ತಮ್ಮ ಮುಖ ಸಾಕ್ಷಿಯಾಗಬಾರದೆಂದು ಅವರು ನಗುತ್ತಿರಲಿಲ್ಲ.

ಯಂತ್ರದ ಮೇಲಿನ ಆ ನಂಬಿಕೆ ಮಾತ್ರ ಅರ್ಧ ನಿಜ. ಮರುವರ್ಷವೇ, 1850ರಲ್ಲಿ, ಹಾರ್ವರ್ಡ್ ಪ್ರಾಧ್ಯಾಪಕ ಲೂಯಿ ಅಗಾಸಿಗಾಗಿ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಪಟ್ಟಣದಲ್ಲಿ ಏಳು ಮಂದಿ ಗುಲಾಮರ ಚಿತ್ರ ತೆಗೆಯಲಾಯಿತು. ಅವರಲ್ಲಿ ರೆಂಟಿ ಮತ್ತು ಮಗಳು ಡೀಲಿಯಾ ಇದ್ದರು. ಬಟ್ಟೆ ಕಳಚಿಸಿ, ಎದುರಿನಿಂದೊಮ್ಮೆ, ಪಕ್ಕದಿಂದೊಮ್ಮೆ ತೆಗೆದ ಚಿತ್ರಗಳವು. ಮನುಷ್ಯ ಜನಾಂಗಗಳ ಮೂಲವೇ ಬೇರೆ ಬೇರೆ ಎಂಬ ವಾದಕ್ಕೆ ಪ್ರಾಧ್ಯಾಪಕರಿಗೆ ಪುರಾವೆ ಬೇಕಿತ್ತು. 1976ರಲ್ಲಿ ಹಾರ್ವರ್ಡಿನ ವಸ್ತುಸಂಗ್ರಹಾಲಯದ ಅಟ್ಟದಲ್ಲಿ, ಈ ಚಿತ್ರಗಳು ಮೂಡಿದ್ದ ಲೋಹದ ತಗಡುಗಳು ಸಿಕ್ಕವು. ತಾವು ರೆಂಟಿಯ ವಂಶದವರೆಂದು ಮಹಿಳೆಯೊಬ್ಬರು 2019ರಲ್ಲಿ ದಾವೆ ಹೂಡಿದರು. ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಚಿತ್ರಗಳ ಒಡೆತನ ಕೊಡಲಿಲ್ಲ; ಮಾನಸಿಕ ನೋವಿನ ದಾವೆ ಮುಂದುವರಿಸಲು ಮಾತ್ರ ಅವಕಾಶ ಕೊಟ್ಟಿತು. ಕೊನೆಗೆ 2025ರಲ್ಲಿ ರಾಜಿಯಾಗಿ, ಹಾರ್ವರ್ಡ್ ಅವುಗಳನ್ನು ಬಿಟ್ಟುಕೊಡಲು ಒಪ್ಪಿತು.

ಫೋಟೊದ ಹಕ್ಕು ಯಾರದೆಂಬ ಈ ತಕರಾರನ್ನು ಓದು ಬರಹ ಬಾರದ ಸೂಜರ್ನರ್ ಟ್ರೂತ್ ಎಷ್ಟೋ ಮೊದಲೇ ತಮ್ಮ ಮಟ್ಟಿಗೆ ಬಗೆಹರಿಸಿಕೊಂಡಿದ್ದರು. ಅವರೂ ಗುಲಾಮಗಿರಿಯಿಂದ ಪಾರಾಗಿ ಬಂದವರೇ. ಬಿಳಿ ಟೋಪಿ, ಶಾಲು, ಕೈಯಲ್ಲಿ ಹೆಣಿಗೆಯ ನೂಲು ಹಿಡಿದು ಗೌರವಸ್ಥ ಗೃಹಿಣಿಯಂತೆ ಕುಳಿತ ತಮ್ಮ ಪುಟ್ಟ ಕಾರ್ಡ್ ಚಿತ್ರಗಳನ್ನು ಭಾಷಣದ ಸಭೆಗಳಲ್ಲಿ ಮಾರುತ್ತಿದ್ದರು. ‘ನೆರಳನ್ನು ಮಾರಿ ಮೂಲವನ್ನು ಸಲಹುತ್ತೇನೆ’ ಎಂಬ ಸಾಲು ಕೆಳಗೆ ಅಚ್ಚಾಗಿರುತ್ತಿತ್ತು; ನೆರಳೆಂದರೆ ಫೋಟೊ, ಮೂಲವೆಂದರೆ ತಾವೇ. 1864ರಲ್ಲಿ ಹಕ್ಕುಸ್ವಾಮ್ಯವನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡರು. ಸಾಮಾನ್ಯವಾಗಿ ಅದು ಛಾಯಾಗ್ರಾಹಕನ ಪಾಲಾಗುತ್ತಿತ್ತು. ನನ್ನ ಮಟ್ಟಿಗೆ ಡಗ್ಲಾಸ್ ಅವರ ಎಲ್ಲ ಚಿತ್ರಗಳಿಗಿಂತ ಈ ನೋಂದಣಿಯೇ ದೊಡ್ಡ ಹೆಜ್ಜೆ.

1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡು ಬಾಯ್ಸ್ 363 ಫೋಟೊಗಳ ಆಲ್ಬಂಗಳನ್ನು ಒಯ್ದರು. ಜಾರ್ಜಿಯಾದ ಕಪ್ಪು ಸಮುದಾಯದ ಮನೆ, ಅಂಗಡಿ, ಚರ್ಚು, ಮುಖಗಳು ಅವು. ಅಲ್ಲೂ ಕೆಲವರನ್ನು ಎದುರಿನಿಂದ, ಪಕ್ಕದಿಂದ ತೆಗೆದಿದ್ದಾರೆ. ಅಗಾಸಿಯ ಪಟ್ಟನ್ನೇ ತಿರುಗಿಸಿ ಹಾಕಿದಂತೆ. ಅಟ್ಲಾಂಟದ ಕಪ್ಪು ಛಾಯಾಗ್ರಾಹಕ ಥಾಮಸ್ ಆಸ್ಕ್ಯೂ ತಮ್ಮ ಮಕ್ಕಳ ಕೈಗೆ ವಾದ್ಯ ಕೊಟ್ಟು ಕೂರಿಸಿ ತೆಗೆದ ಚಿತ್ರವೂ ಅದರಲ್ಲಿದೆ. ಆದರೆ ಅಷ್ಟು ಜತನದಿಂದ ಜೋಡಿಸಿದ ಭಾವಚಿತ್ರಗಳ ಕೆಳಗೆ ಕುಳಿತವರ ಹೆಸರುಗಳನ್ನು ಬರೆದಿಲ್ಲ.