ಮದ್ದು ಹಾಕುವ ಮೊದಲು ಕೋಳಿಯ ಎದೆ ಮುಟ್ಟಿ ನೋಡಿ ಮಾರಾಯ್ರೆ

ಕಳೆದ ಮಳೆಗಾಲದಲ್ಲಿ ಸುರತ್ಕಲ್ ಕಡೆಯ ಒಬ್ರು ಅಮ್ಮ ರಟ್ಟಿನ ಪೆಟ್ಟಿಗೆಯಲ್ಲಿ ಹೇಂಟೆ ಇಟ್ಕೊಂಡು ರಿಕ್ಷಾದಲ್ಲಿ ಬಂದ್ರು. "ಡಾಕ್ಟ್ರೇ, ಮೂರು ದಿನ ಆಯ್ತು ಎಂತದೂ ತಿನ್ನುದಿಲ್ಲ, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತ್ಕೊಳ್ತದೆ. ಅಜೀರ್ಣ ಆಗಿರ್ಬೇಕು ಅಂತ ಶುಂಠಿ ಬೆಲ್ಲ ಕೊಟ್ಟೆ, ಮತ್ತೆ ಮಜ್ಜಿಗೆ ಕುಡಿಸಿದೆ, ನಿನ್ನೆ ಮೆಡಿಕಲಿಂದ ಒಂದು ಕ್ಯಾಪ್ಸೂಲ್ ತಂದು ಅರ್ಧ ಹಾಕಿದೆ." ಎದೆ ಮುಟ್ಟಿ ನೋಡಿದ್ರಾ ಅಂತ ಕೇಳಿದೆ. ಇಲ್ಲ. ಯಾರೂ ನೋಡುದಿಲ್ಲ, ಇದು ನನ್ನ ಹಳೇ ಕಂಪ್ಲೇಂಟ್.

ಕೋಳಿ ತಿಂದದ್ದು ಸೀದ ಹೊಟ್ಟೆಗೆ ಹೋಗುದಿಲ್ಲ. ಕುತ್ತಿಗೆ ಎದೆಗೆ ಸೇರುವಲ್ಲಿ, ಸ್ವಲ್ಪ ಅದರ ಬಲಗಡೆಗೆ, ಒಂದು ಚೀಲ ಉಂಟು, ನಾವು ಕ್ರಾಪ್ ಅಂತೇವೆ. ಮೊದಲು ಅಲ್ಲಿ ನೆನೀತದೆ, ಆಮೇಲೆ ಗಿಜರ್ಡಿಗೆ ಹೋಗಿ ಅರೀತದೆ, ಕೋಳಿ ಅಂಗಡಿಯವರು ಲಿವರ್ ಜೊತೆ ಕೊಡ್ತಾರಲ್ಲ ಆ ಗಟ್ಟಿ ತುಂಡು. ಸಂಜೆ ಗೂಡಿಗೆ ಹೋಗುವಾಗ ಕ್ರಾಪ್ ತುಂಬಿರ್ಬೇಕು, ಬೆಳಿಗ್ಗೆ ಗೂಡು ತೆಗೆಯುವಾಗ, ಕಾಳು ಹಾಕುವ ಮೊದಲು, ಖಾಲಿ ಇರ್ಬೇಕು. ಬೆಳಿಗ್ಗೆಯೂ ಮುದ್ದೆಯ ಹಾಗೆ ಗಟ್ಟಿ ಇದ್ರೆ ಎಂತದೋ ಸಿಕ್ಕಿಹಾಕಿಕೊಂಡಿದೆ. ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದು, ಬಾಯಿ ಹತ್ರ ಮೂಗು ಹಿಡಿದ್ರೆ ಮೂರು ದಿನದ ದೋಸೆ ಹಿಟ್ಟಿನ ವಾಸನೆ ಬಂದ್ರೆ ಒಳಗೆ ಯೀಸ್ಟ್ ಬೆಳೆದಿದೆ, ಕ್ಯಾಂಡಿಡಾ ಅಂತ ಅದರ ಹೆಸರು.

ಈಗ ಆ ಅಮ್ಮ ಕೊಟ್ಟದ್ದನ್ನು ನೋಡಿ. ಬೆಲ್ಲ ಅಂದ್ರೆ ಯೀಸ್ಟಿಗೆ ಊಟ. ಮಜ್ಜಿಗೆಯಲ್ಲಿ ಹಾಲಿನ ಸಕ್ಕರೆ ಉಳಿದಿರ್ತದೆ, ಅದನ್ನು ಜೀರ್ಣ ಮಾಡುವ ಶಕ್ತಿ ಹಕ್ಕಿಗಳಿಗೆ ಸರಿಯಾಗಿ ಇಲ್ಲ. ಕ್ಯಾಪ್ಸೂಲ್ ಟೆಟ್ರಾಸೈಕ್ಲಿನ್, ಅದು ಬ್ಯಾಕ್ಟೀರಿಯಾ ಬೆಳೀಲಿಕ್ಕೆ ಬಿಡುದಿಲ್ಲ, ಯೀಸ್ಟಿಗೆ ಜಾಗ ಖಾಲಿ ಮಾಡಿ ಕೊಡ್ತದೆ. ಮೂರೂ ಪ್ರೀತಿಯಿಂದಲೇ ಕೊಟ್ಟದ್ದು, ಪಾಪ.

ಮನೆಯಲ್ಲಿ ಎಂತ ಮಾಡ್ಬಹುದು ಅಂದ್ರೆ, ಬೇರೆ ಕೋಳಿಗಳಿಂದ ತೆಗೆದು ಒಣಗಿದ ಬೆಚ್ಚಗಿನ ಜಾಗದಲ್ಲಿಡಿ, ಮಳೆಗಾಲ ಆದ್ರೆ ಒಂದು ಬಲ್ಬ್ ಹಾಕಿ, ಯಾಕಂದ್ರೆ ಕೋಳಿಯ ಮೈ ಬಿಸಿಯೇ 41-42 ಡಿಗ್ರಿ ಸೆಲ್ಸಿಯಸ್, ತಿನ್ನದ ಕೋಳಿ ಬೇಗ ತಣ್ಣಗಾಗ್ತದೆ. ಒಂದು ದಿನ ಕಾಳು ಬೇಡ, ನೀರು ಯಾವಾಗಲೂ ಇರ್ಲಿ. ಗಟ್ಟಿ ಇದ್ರೆ ಕೊಕ್ಕಿನ ಬದಿಯಿಂದ ತೆಂಗಿನೆಣ್ಣೆ ಒಂದೊಂದೇ ಹನಿ, ಅದು ನುಂಗಿದ ಮೇಲೆ ಇನ್ನೊಂದು, ಆಮೇಲೆ ಬೆರಳ ತುದಿಯಿಂದ ಮೆಲ್ಲ ತಿಕ್ಕಿ, ದಿನಕ್ಕೆ ಮೂರ್ನಾಲ್ಕು ಸಲ. ಬಾಯಿ ಅಗಲಿಸಿ ಚಮಚದಲ್ಲಿ ಹೊಯ್ಯುದು ಮಾತ್ರ ಬೇಡ. ಶ್ವಾಸದ ಬಾಯಿ ನಾಲಗೆಯ ಹಿಂದೆಯೇ ಉಂಟು, ಹೊಯ್ದದ್ದು ಶ್ವಾಸಕೋಶಕ್ಕೇ ಹೋಗ್ತದೆ.

ತಲೆಕೆಳಗೆ ಹಿಡಿದು ವಾಂತಿ ಮಾಡಿಸುವ ವಿಡಿಯೋ ನೋಡಿ ಬರುವವರು ತುಂಬ ಜನ. ಡ್ಯೂಟಿಗೆ ಸೇರಿದ ಹೊಸತರಲ್ಲಿ ನಾನೂ ಹಾಗೆ ಮಾಡಿದ್ದೆ. ಹುಳಿ ನೀರು ದಬದಬ ಬಂತು, ಹೇಂಟೆ ಎರಡು ಸಲ ಬಾಯಿ ತೆರೆದು ನನ್ನ ಕೈಯಲ್ಲೇ ಸತ್ತಿತು, ಮನೆಯವರು ಎದುರೇ ನಿಂತಿದ್ರು. ಆಮೇಲೆ ಮಾಡಿಲ್ಲ. ನೀರು ತೆಗೀಲಿಕ್ಕೆ ಟ್ಯೂಬ್ ಉಂಟು, ಯೀಸ್ಟಿಗೆ ನಿಸ್ಟಾಟಿನ್ ಉಂಟು, ಡೋಸ್ ತೂಕ ನೋಡಿ ಡಾಕ್ಟ್ರು ಹೇಳ್ಬೇಕು.

ಆದ್ರೆ ಎಲ್ಲಾ ಹೊಟ್ಟೆ ತೊಂದರೆಯೂ ಕ್ರಾಪಿಂದ ಅಲ್ಲ. ಹಿಕ್ಕೆಯನ್ನೂ ನೋಡಿ. ಮೇಲೆ ಬಿಳಿ ಸುಣ್ಣದ ಹಾಗೆ ಇರುದು ಸರಿಯೇ, ದಿನಕ್ಕೆ ಒಂದೆರಡು ಸಲ ಕಂದು ಬಣ್ಣದ ನಾರುವ ಅಂಟಂಟು ಹಿಕ್ಕೆಯೂ ಮಾಮೂಲು, ಅದಕ್ಕೆ ಹೆದರಿ ಓಡಿ ಬರ್ಬೇಡಿ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡ್ರೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ಪರೋಪಜೀವಿ ರೋಗ ಇರ್ಬಹುದು, ಗೂಡಿನ ನೆಲ ಒದ್ದೆ ಇದ್ರೆ ಜೋರು. ಹಸಿರು ಭೇದಿ, ಕುತ್ತಿಗೆ ತಿರುಚುದು, ಒಂದರ ಹಿಂದೆ ಒಂದು ಸಾಯುದು, ಇದು ರಾಣಿಖೇತ್ ಅನ್ನುವ ವೈರಸ್ ರೋಗ ಇರ್ಬಹುದು. ಅದಕ್ಕೆ ಮದ್ದು ಇಲ್ಲ, ಮೊದಲೇ ಲಸಿಕೆ ಹಾಕಿಸಿರ್ಬೇಕು. ಸತ್ತದ್ದನ್ನು ತೋಡಿಗೆ ಬಿಸಾಡ್ಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ, ಪಶು ಆಸ್ಪತ್ರೆಗೆ ತಿಳಿಸಿ.

ಆ ಅಮ್ಮನ ಹೇಂಟೆಯ ಕ್ರಾಪಲ್ಲಿ ಮೇಲೆ ನೀರು, ಅಡಿಯಲ್ಲಿ ಗಟ್ಟಿ ಉಂಡೆ. ಮರಗಟ್ಟಿಸಿ ಸಣ್ಣಕೆ ಕೊಯ್ದೆ. ತೆಂಗಿನ ನಾರು, ಮೆಷಿನ್‌ನಲ್ಲಿ ಕಡಿದ ಉದ್ದುದ್ದ ಹುಲ್ಲು, ಗೊಬ್ಬರದ ಗೋಣಿಯ ನೀಲಿ ದಾರ, ಎಲ್ಲಾ ಸುತ್ತಿ ಲಿಂಬೆಹುಳಿಯಷ್ಟು ದೊಡ್ಡ ಉಂಡೆ. ಅಂಗಳ ಪೂರ್ತಿ ಇಂಟರ್‌ಲಾಕ್ ಹಾಕಿಸಿದ್ದಾರಂತೆ, ಹಾಗಾದ್ರೆ ಕೋಳಿಗೆ ಕಲ್ಲು ಎಲ್ಲಿಂದ? ಗಿಜರ್ಡಲ್ಲಿ ಅರೀಲಿಕ್ಕೆ ಸಣ್ಣ ಕಲ್ಲು ಬೇಕು. "ಮರುವಾಯಿ ಚಿಪ್ಪು ಕುಟ್ಟಿ ಹಾಕ್ತೇನಲ್ಲ" ಅಂದ್ರು. ಅದು ಮೊಟ್ಟೆಯ ಸಿಪ್ಪೆಗೆ ಒಳ್ಳೇದು, ಆದ್ರೆ ಹೊಟ್ಟೆಯ ಆಸಿಡ್ಡಲ್ಲಿ ಕರಗ್ತದೆ, ಅರೀಲಿಕ್ಕೆ ಆಗುದಿಲ್ಲ. ಒಂದು ಗೆರಟೆಯಲ್ಲಿ ದಪ್ಪ ಹೊಯಿಗೆ ಇಡಿ ಅಂದೆ.

ಹತ್ತು ದಿನ ಬಿಟ್ಟು ಫೋನು, ಮೊಟ್ಟೆ ಇಟ್ಟಿದೆ, ಮೊಮ್ಮಗಳಿಗೆ ಆಮ್ಲೆಟ್ ಮಾಡ್ಬಹುದಾ ಅಂತ. ಮದ್ದು ನಿನ್ನೆಯಷ್ಟೇ ಮುಗಿದದ್ದು, ಅದರ ಅಂಶ ಮೊಟ್ಟೆಯಲ್ಲಿ ಇರ್ಬಹುದು, ಸದ್ಯಕ್ಕೆ ಬೇಡ, ನಾನು ಹೇಳುವವರೆಗೆ ಇಟ್ಟದ್ದನ್ನೆಲ್ಲ ಹೂಳಿ ಅಂದೆ. ಸ್ವಲ್ಪ ಬೇಜಾರಾಯ್ತು ಅವರಿಗೆ.