ಬಟನ್ ಒತ್ತಿದ್ರೂ ಹಾಡು ಬರ್ತಿಲ್ಲ, ಟಾರ್ಮ್ಯಾಟ್ ಹೋಯ್ತಾ ಸಾರ್?

ಪ್ರಶ್ನೆ: ಸಾರ್, ನನ್ನ ಹತ್ರ, ಕಾಸು ಹಾಕಿ ಬಟನ್ ಒತ್ತಿದ್ರೆ ಹಾಡು ಹಾಕೋ, 200 ಹಾಡಿನ ಹಳೇ ಸೀಬರ್ಗ್ ಜ್ಯೂಕ್‌ಬಾಕ್ಸ್ ಇದೆ. ಕೆಲವು ಹಾಡು ಒತ್ತಿದ್ರೆ ರೆಕಾರ್ಡ್ ಪ್ಲೇಟು ಎತ್ಕೊಳ್ಳೋ ಕ್ಯಾರೇಜ್ ಅತ್ಲಿಂದಿತ್ತ ಓಡಾಡಿ ಏನೂ ಎತ್ಕೊಳ್ದೆ ನಿಂತ್ಕೊಳ್ಳುತ್ತೆ. ಒತ್ತಿದ ಹಾಡು ನೆನಪಿಟ್ಕೊಳ್ಳೋ ಟಾರ್ಮ್ಯಾಟ್ ಮೆಮೊರಿ ಹೋಗಿದೆ, ಬೇರೆ ಹಾಕಿಸಿ ಅಂತಾರೆ. ಎಲ್ಲಿ ಸಿಗುತ್ತೆ?

ಉತ್ತರ: ಹುಡುಕಬೇಡಿ. ಹೋಗಿಲ್ಲ.

ಇದನ್ನ ಎಷ್ಟನೇ ಸಲ ಬರೀತಿದೀನೋ ಲೆಕ್ಕ ಇಟ್ಟಿಲ್ಲ. ಇನ್ನೊಂದ್ಸಲ ಹೇಳ್ತೀನಿ, ಈ ಸಲ ಪೂರ್ತಿ ಓದಿ.

ಟಾರ್ಮ್ಯಾಟ್ ಅಂದ್ರೆ ಏನು ಅಂತ ಗೊತ್ತಿಲ್ದೇನೇ ಜನ ಅದನ್ನ ಬೈತಾರೆ. ಚಿಕಾಗೋದ ಸೀಬರ್ಗ್ ಕಂಪನಿಯವ್ರು 1955ರಲ್ಲಿ ವಿ-200 ಮಾಡೆಲ್ ತಂದಾಗ ಹಾಕಿದ್ದು ಇದು. ಅದಕ್ಕೆ ಮುಂಚೆ ಅವರ 100 ಹಾಡಿನ ಮಷಿನ್ನಲ್ಲಿ ಯಾವ ಹಾಡು ಒತ್ತಿದಾರೆ ಅಂತ ನೆನಪಿಟ್ಕೊಳ್ತಿದ್ದಿದ್ದು ಪುಟ್ಟ ಪುಟ್ಟ ಪಿನ್ನುಗಳು. ಟಾರ್ಮ್ಯಾಟಲ್ಲಿ ಪಿನ್ ಇಲ್ಲ, ಒಳಗಡೆ ಫೆರೈಟ್ ಅನ್ನೋ, ಮ್ಯಾಗ್ನೆಟ್ ಆಗೋ ವಸ್ತುವಿನ ಉಂಗುರ ಇರುತ್ತೆ, ಹಾಡಿಗೊಂದು. ಅಕ್ಷರದ ಬಟನ್ನು, ಅಂಕಿ ಬಟನ್ನು ಎರಡೂ ಒತ್ತಿದಾಗ ಕರೆಂಟಿನ ಒಂದು ಏಟು ಹೋಗಿ ಆ ಎರಡೂ ಸೇರೋ ಜಾಗದ ಉಂಗುರದ ಮ್ಯಾಗ್ನೆಟ್ ದಿಕ್ಕು ತಿರುಗುತ್ತೆ, ಅಷ್ಟೇ. ಆಮೇಲೆ ಕ್ಯಾರೇಜ್ ಸಾಲಾಗಿ ಉಜ್ಕೊಂಡು ಹೋಗ್ತಾ ಒಂದೊಂದು ಕಾಂಟ್ಯಾಕ್ಟನ್ನೂ ಕೇಳುತ್ತೆ, ತಿರುಗಿರೋ ಉಂಗುರ ಸಿಕ್ಕಿದ್ರೆ ಅದು ಹಳೇ ದಿಕ್ಕಿಗೆ ವಾಪಸ್ ಬಂದು ಸಣ್ಣ ಸಿಗ್ನಲ್ ಕೊಡುತ್ತೆ, ಆ ಸಿಗ್ನಲ್ಲಿಗೆ ಥೈರಟ್ರಾನ್ ವಾಲ್ವ್ (ಸ್ವಿಚ್ ಥರ ಕೆಲಸ ಮಾಡೋ ಗಾಜಿನ ವಾಲ್ವ್) ಹೊತ್ಕೊಂಡು, ಕ್ಯಾರೇಜ್ ತಡೆಯೋ ಟ್ರಿಪ್ ಕಾಯಿಲ್ ಎಳೆದು ಕ್ಯಾರೇಜ್ ಆ ಪ್ಲೇಟಿನ ಹತ್ರ ನಿಲ್ಲುತ್ತೆ.

ಈಗ ನೀವೇ ಹೇಳಿ, ಇದರಲ್ಲಿ ಸವೆಯೋದು ಯಾವುದು? ಉಂಗುರ ಅಲ್ಲಾಡಲ್ಲ, ಬಿಸಿ ಆಗಲ್ಲ, ಮುಚ್ಚಿದ ಡಬ್ಬದೊಳಗಿದೆ. "ಅರವತ್ತು ವರ್ಷ ಆಯ್ತಲ್ಲ ಸಾರ್, ಮ್ಯಾಗ್ನೆಟ್ ಇಳಿದು ಹೋಗಿರತ್ತೆ" ಅಂತಾರೆ. ಅಯ್ಯೋ, ಅದು ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಅಲ್ಲ ಸ್ವಾಮಿ, ನೀವು ಒಂದೊಂದ್ಸಲ ಬಟನ್ ಒತ್ತಿದಾಗಲೂ ಹೊಸದಾಗಿ ಬರೆಯುತ್ತೆ. ಪ್ಲಗ್ ಕಿತ್ತರೂ ಬರೆದಿದ್ದು ಅಳಿಸಲ್ಲ. ಆ ಕಾಲದ ಕಂಪ್ಯೂಟರುಗಳ ಮೆಮೊರಿನೂ ಇದೇ ಉಪಾಯದ್ದು. ಡಬ್ಬ ಬಿದ್ದು ಒಡೆದಿದ್ರೆ, ನೆರೆ ನೀರಲ್ಲಿ ಮುಳುಗಿದ್ರೆ ಬೇರೆ ಮಾತು. ಪರಿಚಯದವರೊಬ್ರು ಹೀಗೇ ಯಾರದೋ ಮಾತು ಕೇಳಿ ಇನ್ನೊಂದು ಟಾರ್ಮ್ಯಾಟ್ ತರಿಸಿ ಹಾಕಿದ್ರು, ಅದೇ ಹಾಡುಗಳು ಅದೇ ಥರ ಕೈ ಕೊಟ್ಟವು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ನೀವು ಮಾಡ್ಬೇಕಾಗಿರೋದು ಇಷ್ಟು. ಪೇಪರ್ ಮೇಲೆ 20 ಸಾಲು, 10 ಕಾಲಂ ಗೀರಿ. ಅಕ್ಷರ ಎ ಇಂದ ವಿ ವರೆಗೆ, ನಡುವೆ ಐ ಮತ್ತೆ ಓ ಇಲ್ಲ, 1 ಮತ್ತೆ 0 ಜೊತೆ ಗೊಂದಲ ಆಗುತ್ತೆ ಅಂತ ಬಿಟ್ಟಿದಾರೆ. 200 ಹಾಡೂ ಒತ್ತಿ ನೋಡಿ, ಬರ್ದೇ ಇರೋದಕ್ಕೆ ಇಂಟು ಹಾಕಿ. ಬೇಜಾರಿನ ಕೆಲಸ, ಆದ್ರೆ ಉತ್ತರ ಅಲ್ಲೇ ಇದೆ. ಒಂದು ಅಕ್ಷರದ ಸಾಲು ಪೂರ್ತಿ ಸತ್ತಿದ್ರೆ ಆ ಬಟನ್ನಿನ ಸ್ವಿಚ್ಚೋ ವೈರೋ ನೋಡಿ, ಅಂಕಿಯ ಕಾಲಂ ಸತ್ತಿದ್ರೂ ಹಾಗೇ. ಪ್ಲೇಟುಗಳ ಒಂದೇ ಬದಿ ಅಷ್ಟೂ ಬರಲ್ಲ ಅಂದ್ರೆ ಕ್ಯಾರೇಜ್ ದಿಕ್ಕು ಬದಲಾಯಿಸೋ ಕಡೆ ತೊಂದರೆ, ಯಾಕಂದ್ರೆ ಹೋಗ್ತಾ ಒಂದು ಬದಿ ಬರ್ತಾ ಇನ್ನೊಂದು ಬದಿ ಹಾಡಿಸೋದು ಅದರ ಕ್ರಮ. ಪಕ್ಕದ ಪ್ಲೇಟ್ ಎತ್ತಿದ್ರೆ ಹಳೇ ಗ್ರೀಸ್ ಗಟ್ಟಿಯಾಗಿ ಟ್ರಿಪ್ ಆಗೋದು ತಡ ಆಗ್ತಿದೆ, ಇಲ್ಲಾ ಕಾಂಟ್ಯಾಕ್ಟ್ ಜಾಗ ಸರಿದಿದೆ. ಒಂದೂ ಬರ್ದಿದ್ರೆ ಆ ಥೈರಟ್ರಾನ್ ವಾಲ್ವ್, ಟ್ರಿಪ್ ಕಾಯಿಲ್, ಒಣಗಿದ ಕೆಪಾಸಿಟರ್ ನೋಡಿ.

ನಿಮ್ಮ ಥರ ಅಲ್ಲೊಂದು ಇಲ್ಲೊಂದು ಬರ್ದೇ ಇದ್ರೆ ಕ್ಯಾರೇಜ್ ಉಜ್ಕೊಂಡು ಹೋಗೋ ಕಾಂಟ್ಯಾಕ್ಟಿಗೆ ಕಿಲುಬು ಹಿಡಿದಿದೆ, ನೂರಕ್ಕೆ ತೊಂಬತ್ತು ಸಲ ಅದೇ. ಅನುಮಾನ ಇದ್ರೆ ಬರ್ದೇ ಇರೋ ಹಾಡೊಂದನ್ನ ಒಂದೇ ಸಲ ಒತ್ತಿ, ಆಮೇಲೆ ಬಟನ್ ಮುಟ್ಟದೆ ಸರ್ವಿಸ್ ಸ್ವಿಚ್ಚಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿ. ಮೂರನೇ ಸುತ್ತಲ್ಲಿ ಎತ್ಕೊಂಡ್ರೆ ಉಂಗುರ ಅಷ್ಟೊತ್ತೂ ನೆನಪಿಟ್ಕೊಂಡೇ ಇತ್ತು, ಕೇಳೋರಿಗೆ ಕಿವಿ ಮಂದ ಅಂತ ಅರ್ಥ. ಎತ್ಕೊಳ್ದೇ ಇದ್ರೆ ಟಾರ್ಮ್ಯಾಟ್ ಹೋಗಿದೆ ಅಂತ ಅರ್ಥ ಅಲ್ಲ! ಸಿಗ್ನಲ್ ಬಂದೂ ವಾಲ್ವ್ ಹಿಡೀದೇ ಇದ್ರೆ ಬರೆದಿದ್ದು ಅಳಿಸಿ ಹೋಗಿರುತ್ತೆ.

ಪ್ಲಗ್ ಕಿತ್ತು, ಕೆಪಾಸಿಟರ್ ಚಾರ್ಜ್ ಇಳಿದ ಮೇಲೆ ಆ ಕಾಂಟ್ಯಾಕ್ಟುಗಳನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಉಪ್ಪುಕಾಗದ ಬೇಡ, ತುಕ್ಕಿಗೆ ಹೊಡೆಯೋ ಸ್ಪ್ರೇ ಅಂತೂ ಬೇಡವೇ ಬೇಡ.

ಇನ್ನೊಂದು ವಿಷ್ಯ, ನೀವು ಕೇಳಿಲ್ಲ ಆದ್ರೂ ನಾಳೆ ಕೇಳ್ತೀರಿ. ಮೊದಲು ಒತ್ತಿದ ಹಾಡು ಕೊನೇಲಿ ಬರ್ತಿದೆ ಅಂತ. ಅದು ಕೆಟ್ಟಿರೋದಲ್ಲ. ಉಂಗುರಕ್ಕೆ ಯಾರು ಮೊದಲು ಬಂದ್ರು ಅನ್ನೋ ಲೆಕ್ಕ ಇಲ್ಲ, ಕ್ಯಾರೇಜಿಗೆ ದಾರೀಲಿ ಯಾವುದು ಮೊದಲು ಸಿಗುತ್ತೋ ಅದು. ಅದೇ ಹಾಡು ಹತ್ತು ಸಲ ಒತ್ತಿ ಹತ್ತು ಸಲದ ಕಾಸು ಹಾಕಿದ್ರೂ ಒಂದೇ ಸಲ ಬರುತ್ತೆ, ತಿರುಗಿದ ಉಂಗುರ ಇನ್ನೆಷ್ಟು ತಿರುಗೀತು?

ಹಾಂ, ಅಮೆರಿಕದಿಂದ ಬೆಂಗಳೂರಿಗೆ ಮಷಿನ್ ಸಾಗಿಸೋ ಪ್ಲ್ಯಾನ್ ಇರೋರು ಗಮನಿಸಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಮಾತ್ರ ಇಳಿಸುತ್ತೆ, ನಮ್ಮ 50 ಹರ್ಟ್ಸನ್ನ 60 ಮಾಡಲ್ಲ. ಮೋಟರ್ ನಿಧಾನ ಆಗಿ ನಿಮಿಷಕ್ಕೆ 45 ಸುತ್ತು ತಿರುಗ್ಬೇಕಾದ ಪ್ಲೇಟು ಸುಮಾರು 37.5 ಸುತ್ತು ತಿರುಗಿ ಹಾಡೋರೆಲ್ಲ ನಿದ್ದೆಗಣ್ಣಲ್ಲಿ ಹಾಡಿದಂಗಿರುತ್ತೆ. ಅದಕ್ಕೂ ಟಾರ್ಮ್ಯಾಟ್ ಕಾರಣ ಅಲ್ಲ.