ಮೊದಲು ‘ಲಕ್ಷ್ಮಿ’ ಅಂತ ಟೈಪ್ ಮಾಡಿ ನೋಡಿ

ಕಂಪ್ಯೂಟರಿಗೆ ಅಪ್ ಬರೆಯಲು ಯಾವ ಭಾಷೆ ಒಳ್ಳೆಯದು ಅಂತ ಕೆಲವರು ಕೇಳುತ್ತಾರೆ. ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಅಡಿಕೆ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಬೇಕಿತ್ತು. ತೂಕ, ದರ ಹಾಕಿದರೆ ಚೀಟಿ ಬರಬೇಕು, ಅಷ್ಟೇ. ನಾನು ಆಗ ಹೊಸದಾಗಿ ಕಲಿತಿದ್ದ, ವೆಬ್ ಪುಟದ ಹಾಗೆ ಅಪ್ ಬರೆಯಲು ಬಿಡುವ ಎಲೆಕ್ಟ್ರಾನ್‌ನಲ್ಲಿ ಮಾಡಿಕೊಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತ್ತು. ಅಂಗಡಿಯದ್ದು 2 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್. ಗೋಣಿ ತೂಗಿ ಇಳಿಸಿದರೂ ಪರದೆ ತೆರೆದಿರಲಿಲ್ಲ. ಎಲೆಕ್ಟ್ರಾನ್ ಅಪ್ಪಿನ ಹೊಟ್ಟೆಯೊಳಗೆ ಇಡೀ ಕ್ರೋಮಿಯಂ ಬ್ರೌಸರ್ ಕೂತಿರುತ್ತದೆ, ಅಲ್ವಾ? ಆ ಭಾರ ಎಳೆಯಲು ಅಂಗಡಿಯ ಕಂಪ್ಯೂಟರಿಗೆ ಶಕ್ತಿ ಇರಲಿಲ್ಲ.

ಹಾಗಾಗಿ ಯಾವ ಭಾಷೆ ಒಳ್ಳೆಯದು ಅಂತ ಕೇಳಿದವರಿಗೆ ನನ್ನ ಮೊದಲ ಪ್ರಶ್ನೆ, ಯಾವ ಕಂಪ್ಯೂಟರಿನಲ್ಲಿ ಓಡಬೇಕು? ವಿಂಡೋಸ್ 7 ಇದ್ದರೆ ಪೈಥಾನ್ ಭಾಷೆಯ 3.8ನೇ ಆವೃತ್ತಿಯ ಆಚೆಗೆ ಹೋಗುವಂತಿಲ್ಲ. ಪರದೆಯ ಮೇಲೆ ಕಿಟಕಿ, ಗುಂಡಿ ಬಿಡಿಸಿಕೊಡುವ ಲೈಬ್ರರಿ ಕ್ಯೂಟಿ 6 ಕೂಡ ಆಗದು, 5ರಲ್ಲೇ ನಿಲ್ಲಬೇಕು.

ಎರಡನೆಯದು ಅಕ್ಷರ. ನಮ್ಮ ಕಾಸರಗೋಡಿನಲ್ಲಿ ಒಂದೇ ಚೀಟಿಯಲ್ಲಿ ಕನ್ನಡವೂ ಬೇಕು, ಮಲಯಾಳವೂ ಬೇಕು. ಒಂದು ಖಾಲಿ ಕಿಟಕಿ ಮಾಡಿ, ಅದರಲ್ಲಿ ‘ಲಕ್ಷ್ಮಿ’ ಅಂತ ಟೈಪ್ ಮಾಡಿ. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ. ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್‌ನಲ್ಲಿ ಏಳು ಸಂಕೇತ: ಲ, ಕ, ವಿರಾಮ (್), ಷ, ವಿರಾಮ, ಮ, ಇಕಾರದ ಗುಡಿಸು. ಅವನ್ನು ಕೂಡಿಸಿ ಒತ್ತು ಕಟ್ಟುವ ಕೆಲಸವನ್ನು ಕ್ಯೂಟಿ, ಅದರಂಥದ್ದೇ ಇನ್ನೊಂದಾದ ಜಿಟಿಕೆ ಎರಡೂ ಹಾರ್ಫ್‌ಬಝ್ ಎಂಬ ಲೈಬ್ರರಿಗೆ ಒಪ್ಪಿಸುತ್ತವೆ. ಲಿನಕ್ಸ್‌ನಲ್ಲಿ ಪೈಥಾನ್ ಜೊತೆಗೇ ಬರುವ ಕಿಟಕಿ ಲೈಬ್ರರಿ ಟಿಕಿಂಟರ್ ಬಳಸಿದಾಗ ನನಗೆ ಒತ್ತುಗಳು ಬಿಡಿಬಿಡಿಯಾಗಿ ಕಂಡವು. ರೈತರ ಹೆಸರು ಹಾಗೆ ಒಡೆದು ಬಂದ ಚೀಟಿಯನ್ನು ಅವರ ಕೈಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ನೋಟೋ ಸಾನ್ಸ್‌ನ ಕನ್ನಡ, ಮಲಯಾಳ ಫಾಂಟುಗಳು ಉಚಿತ. ಅಪ್ಪಿನ ಜೊತೆಗೇ ಅವನ್ನೂ ಕೊಟ್ಟುಬಿಡಿ.

ಪರದೆಯಲ್ಲಿ ಸರಿ ಕಂಡರೆ ಸಾಲದು, ಕಾಗದದ ಮೇಲೂ ನೋಡಿ. ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಸುಮ್ನೆ ಅಕ್ಷರ ಕಳಿಸಿದರೆ ಅದಕ್ಕೆ ಕನ್ನಡ ಗೊತ್ತಿಲ್ಲ. ಚಿತ್ರವಾಗಿ ಕಳಿಸಬೇಕು.

ಕೊನೆಗೆ ಆ ಅಂಗಡಿಗೆ ಪೈಥಾನ್, ಅದರಿಂದ ಕ್ಯೂಟಿ ಬಳಸಲು ಬಿಡುವ ಪೈಸೈಡ್, ಲೆಕ್ಕ ಉಳಿಸಿಡುವ ಡೇಟಾಬೇಸ್ ಎಸ್‌ಕ್ಯೂಲೈಟ್ ಸೇರಿಸಿ ಹೊಸದಾಗಿ ಬರೆದೆ. ಪೈಸೈಡ್‌ಗೆ ಎಲ್‌ಜಿಪಿಎಲ್ ಎಂಬ ಸಡಿಲ ಪರವಾನಗಿ ಇದೆ, ಹಾಗಾಗಿ ಅದರ ಷರತ್ತು ಪಾಲಿಸಿದರೆ ನಮ್ಮ ಕೋಡ್ ತೆರೆದಿಡದೆ ಮಾರಬಹುದು. ಅದೇ ಕೆಲಸ ಮಾಡುವ ಪೈಕ್ಯೂಟಿಯಲ್ಲಾದರೆ ಒಂದೋ ನಮ್ಮ ಕೋಡನ್ನೂ ತೆರೆದಿಡಲು ಹೇಳುವ ಜಿಪಿಎಲ್‌ಗೆ ಒಪ್ಪಬೇಕು, ಇಲ್ಲವೇ ದುಡ್ಡು ಕೊಡಬೇಕು. ವಿಂಡೋಸ್ ಮಾತ್ರ ಸಾಕು ಅನ್ನುವವರಿಗೆ ಸಿ ಶಾರ್ಪ್ ಭಾಷೆ ಮತ್ತು ಅದರ ಕಿಟಕಿ ಲೈಬ್ರರಿ ವಿನ್‌ಫಾರ್ಮ್ಸ್ ಕೂಡ ಒಳ್ಳೆಯ ದಾರಿ.

ಚೀಟಿ ಬರೆಯುವ ಅಕ್ಕ ಮೌಸ್ ಮುಟ್ಟುವುದಿಲ್ಲ. “ಒಂದು ಕೈಯಲ್ಲಿ ಅಡಿಕೆ ನೋಡ್ತೇನೆ, ಇನ್ನೊಂದೇ ಕೈ ಇರೋದು” ಅಂದರು. ಆಮೇಲೆ ಎಂಟರ್ ಒತ್ತಿದ ಹಾಗೆ ಪಟೋರ, ಕೋಕ (ಇವು ಅಡಿಕೆಯ ದರ್ಜೆಗಳು), ತೂಕ, ದರ ಅಂತ ಒಂದೊಂದೇ ಮನೆಗೆ ಹಾರುವಂತೆ ಮಾಡಿದೆ. ಕೊನೆಯ ಎಂಟರ್‌ಗೆ ಚೀಟಿ ಹೊರಗೆ ಬರುತ್ತದೆ.